ತಲೆಬುರುಡೆಯಿಂದ ಬೀಗತನದವರೆಗೆ: ಪುಣೆಯಲ್ಲಿ ಮಾನವಶಾಸ್ತ್ರದ ಓದು

ಪುಣೆಯಲ್ಲಿ ನೆಲಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ಮದುವೆಯ ಮಾತು ಗೊತ್ತಾದಾಗ ನೆರೆಮನೆಯ ಮರಾಠಿ ಗೃಹಿಣಿಯಿಂದ ಒಂದು ಪ್ರಶ್ನೆ ಬರುವುದುಂಟು. "ಹುಡುಗಿ ವರನ ಅಕ್ಕನ ಮಗಳೇ? ಅದು ಹೇಗೆ ಆದೀತು?" ಆಕೆಯ ದನಿಯಲ್ಲಿ ನಿಂದೆ ಇರುವುದಿಲ್ಲ, ಅಚ್ಚರಿ ಇರುತ್ತದೆ. ಅದಕ್ಕೆ ನಮ್ಮ ಹಿರಿಯರು ಕೊಡುವ ಉತ್ತರವೂ ಒಂದೇ: "ನಮ್ಮ ಕಡೆ ಹಾಗೆ." ಇಷ್ಟು ಹೇಳಿ ಅವರು ಸುಮ್ಮನಾಗುತ್ತಾರೆ. ನಮ್ಮ ಕಡೆ ಏಕೆ ಹಾಗೆ, ಅವರ ಕಡೆ ಏಕೆ ಹಾಗಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈ 'ಏಕೆ' ಎಂಬುದರ ಬೆನ್ನು ಹತ್ತಿ ಆಯುಷ್ಯವನ್ನೇ ಕಳೆದ ವಿದುಷಿಯೊಬ್ಬರು ಇದೇ ಊರಿನಲ್ಲಿದ್ದರು. ಯರವಡೆಯ ಕಡೆಗಿರುವ ಡೆಕ್ಕನ್ ಕಾಲೇಜಿನಲ್ಲಿ ಮೂವತ್ತು ವರುಷಗಳ ಕಾಲ ಅವರು ದುಡಿದರು. ಅವರೇ ಡಾಕ್ಟರ್ ಇರಾವತಿ ಕರ್ವೆ. ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಎಂದರೇನು, ಅದನ್ನು ಪಡೆಯಲು ಏನನ್ನು ತೆರಬೇಕಾಗುತ್ತದೆ, ಅದರಿಂದ ನಮ್ಮಂಥ ಪರಸ್ಥಳದ ಕನ್ನಡಿಗರಿಗೆ ಆದ ಲಾಭವೇನು ಎಂಬುದನ್ನು ಅವರ ಕಥೆಯಿಂದಲೇ ತಿಳಿಯಬಹುದು. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅದನ್ನು ವಾಚಕ ಬಂಧುಗಳ ಮುಂದಿಡಬೇಕೆಂದು ನಮ್ಮ ಬಯಕೆ.

ವಿದ್ಯೆಗಾಗಿ ಪುಣೆಗೆ ಬರುವುದು ಕನ್ನಡಿಗರಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿಯ ವಿಜ್ಞಾನ ಕಾಲೇಜಿನಿಂದ ೧೮೮೩ರಲ್ಲಿ ಇಂಜಿನಿಯರಾಗಿ ಹೊರಬಂದರು. ಆಲೂರ ವೆಂಕಟರಾಯರು ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತರು. ವರಕವಿ ಬೇಂದ್ರೆಯವರು ಅದೇ ಕಾಲೇಜಿನಿಂದ ೧೯೧೮ರಲ್ಲಿ ಪದವೀಧರರಾದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು ೧೯೪೯ರಲ್ಲಿ. ಅಲ್ಲಿಯವರೆಗೆ ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳ ತರುಣರಿಗೆ ಪುಣೆ ಮುಂಬಯಿಗಳೇ ವಿದ್ಯೆಯ ತವರುಮನೆ.

ಡಾಕ್ಟರೇಟ್ ಎಂಬ ಪದವಿಯ ಬಗೆಗೆ ನಮ್ಮ ಮನೆಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಹಳೆಯ ತಲೆಯವರಿಗೆ ಡಾಕ್ಟರ್ ಎಂದರೆ ನಾಡಿ ನೋಡುವವನು. ಹೊಸಬರಿಗೆ ಅದು ಎಂ. ಎ. ಆದ ಮೇಲೆ ಏರುವ ಇನ್ನೊಂದು ಮೆಟ್ಟಿಲು. ಎರಡೂ ಸರಿಯಲ್ಲ. ಉಳಿದ ಪರೀಕ್ಷೆಗಳಲ್ಲಿ ಇತರರು ಕಂಡುಹಿಡಿದುದನ್ನು ನಾವು ಒಪ್ಪಿಸುತ್ತೇವೆ. ಇಲ್ಲಿ ಹಾಗಲ್ಲ, ಇದುವರೆಗೆ ಯಾರಿಗೂ ತಿಳಿಯದ ಒಂದು ಸಂಗತಿಯನ್ನು, ಅದು ಎಷ್ಟೇ ಚಿಕ್ಕದಾಗಿರಲಿ, ತಾನೇ ಹುಡುಕಿ, ಬಲ್ಲವರ ಮುಂದೆ ನಿಂತು ಸಿದ್ಧಪಡಿಸಬೇಕು. ಮಾನವಶಾಸ್ತ್ರದಲ್ಲಿಯಂತೂ ಆ ಸಂಗತಿ ಪುಸ್ತಕದಲ್ಲಿ ಸಿಗುವುದಿಲ್ಲ. ಜನರ ನಡುವೆ ಹೋಗಿ, ಅವರ ಅಂಗಳದಲ್ಲಿ ಕುಳಿತು, ಅವರ ಮಾತು ಕೇಳಿ ತರಬೇಕು.

ಇಲ್ಲಿಯ ಮಾನವಶಾಸ್ತ್ರಕ್ಕೂ ಒಂದು ಗುರುಪರಂಪರೆಯುಂಟು. ಕೇಂಬ್ರಿಜ್ಜಿನ ರಿವರ್ಸ್ ಎಂಬ ವಿದ್ವಾಂಸರು ೧೯೦೧-೦೨ರಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು, ಒಬ್ಬೊಬ್ಬರ ವಂಶಾವಳಿಯನ್ನೂ ಬರೆದುಕೊಂಡು, ೧೯೦೬ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಯಾರು ಯಾರ ಮಗ, ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಕ್ರಮವಾಗಿ ಬರೆದರೆ ಸಮಾಜದ ಅಸ್ಥಿಪಂಜರವೇ ಕಣ್ಣಿಗೆ ಕಾಣುತ್ತದೆ ಎಂಬುದು ಅವರ ಪದ್ಧತಿಯ ತಿರುಳು. ಮಾಲವಣದ ಗೋವಿಂದ ಸದಾಶಿವ ಘುರ್ಯೆಯವರು ಕೇಂಬ್ರಿಜ್ಜಿನಲ್ಲಿ ಅವರ ಶಿಷ್ಯರಾದರು. ೧೯೨೨ರಲ್ಲಿ ರಿವರ್ಸ್ ತೀರಿಕೊಂಡ ಮೇಲೆ ಹ್ಯಾಡನ್ನರ ಬಳಿ ಪ್ರಬಂಧ ಮುಗಿಸಿ, ೧೯೨೪ರಿಂದ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ನಡೆಸಿದರು. ಅವರ ಕೈಯಲ್ಲಿ ಪಳಗಿದ ಶಿಷ್ಯರಲ್ಲಿ ಇಬ್ಬರು ನಮ್ಮ ಕಥೆಗೆ ಬೇಕಾದವರು. ಒಬ್ಬರು ಇರಾವತಿ ಕರ್ವೆ. ಇನ್ನೊಬ್ಬರು ಮೈಸೂರಿನ ಎಂ. ಎನ್. ಶ್ರೀನಿವಾಸ.

ಇರಾವತಿಯವರು ಹುಟ್ಟಿದ್ದು ೧೯೦೫ರ ಡಿಸೆಂಬರ್ ೧೫ರಂದು, ಬರ್ಮಾದ ಮಿಂಜಾನ್ ಎಂಬ ಊರಲ್ಲಿ. ತಂದೆ ಗಣೇಶ ಹರಿ ಕರಮರಕರ್ ಅಲ್ಲಿ ಹತ್ತಿಯ ಕಂಪನಿಯಲ್ಲಿ ಉದ್ಯೋಗದಲ್ಲಿದ್ದರು. ಆ ನಾಡಿನ ಮಹಾನದಿ ಐರಾವತಿಯ ಹೆಸರನ್ನೇ ಮಗಳಿಗೆ ಇಟ್ಟರು. ಅವರೂ ಪರಸ್ಥಳದಲ್ಲಿ ಹುಟ್ಟಿದ ಮಗುವೇ ಎಂಬುದನ್ನು ನಾವು ಗಮನಿಸಬೇಕು. ಏಳು ವರುಷದ ಹುಡುಗಿಯನ್ನು ಪುಣೆಯ ಹುಜೂರಪಾಗೆ ಶಾಲೆಗೆ ಕಳಿಸಿದರು. ಅಲ್ಲಿಂದ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾದ ಪರಾಂಜಪೆಯವರ ಮನೆಯಲ್ಲಿ ಮಗಳಂತೆ ಬೆಳೆದು, ೧೯೨೬ರಲ್ಲಿ ಬಿ. ಎ. ಆಗಿ, ದಕ್ಷಿಣಾ ಫೆಲೋಶಿಪ್ ಪಡೆದು, ಘುರ್ಯೆಯವರ ಬಳಿ ೧೯೨೮ರಲ್ಲಿ ಎಂ. ಎ. ಮುಗಿಸಿದರು. ಈ ನಡುವೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ, ರಸಾಯನಶಾಸ್ತ್ರದ ಅಧ್ಯಾಪಕ ದಿನಕರರಾಯರೊಡನೆ ವಿವಾಹವಾಯಿತು.

ಮುಂದೆ ಬರ್ಲಿನ್ನಿಗೆ ಹೋಗಿ ಡಾಕ್ಟರೇಟ್ ಮಾಡಬೇಕೆಂಬ ವಿಚಾರ ಬಂದಾಗ ಮನೆಯಲ್ಲಿ ಒಮ್ಮತವಿರಲಿಲ್ಲ. ಹೆಣ್ಣುಮಕ್ಕಳಿಗಾಗಿ ೧೯೧೬ರಲ್ಲಿ ವಿಶ್ವವಿದ್ಯಾಲಯವನ್ನೇ ಕಟ್ಟಿದ ಮಹರ್ಷಿಗಳು ಸ್ವಂತ ಸೊಸೆಯ ಪರದೇಶ ಪ್ರಯಾಣವನ್ನು ಒಪ್ಪಲಿಲ್ಲ! ದೊಡ್ಡವರ ಮನೆಯಲ್ಲಿಯೂ ಹೀಗೆ. ಆದರೆ ಗಂಡ ಬೆಂಬಲವಾಗಿ ನಿಂತರು, ಡಾ. ಜೀವರಾಜ ಮೆಹತಾ ಸಾಲ ಕೊಟ್ಟರು, ಸೊಸೆ ಹೊರಟೇಬಿಟ್ಟರು.

ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಯಲ್ಲಿ ಅವರ ಮಾರ್ಗದರ್ಶಿ ಯೂಜೆನ್ ಫಿಷರ್. ಮನುಷ್ಯ ಕುಲಗಳಲ್ಲಿ ಮೇಲು ಕೀಳು ಉಂಟೆಂದು ನಂಬಿದ ಪಂಡಿತ. ಮನುಷ್ಯನ ತಲೆಬುರುಡೆ ಎಡಕ್ಕೂ ಬಲಕ್ಕೂ ಸರಿಸಮನಾಗಿರುವುದಿಲ್ಲ. ಈ ಅಸಮತೆ ಯುರೋಪಿಯನ್ನರಲ್ಲಿ ಹೆಚ್ಚು, ಅದಕ್ಕೂ ಅವರ ಬುದ್ಧಿಯ ಹಿರಿಮೆಗೂ ನಂಟು ಇರಬೇಕು ಎಂಬುದು ಆತನ ಊಹೆ. ಅದನ್ನು ಪರೀಕ್ಷಿಸುವ ಕೆಲಸ ಈ ಇಪ್ಪತ್ತಮೂರು ವಯಸ್ಸಿನ ಹಿಂದೂ ಹೆಣ್ಣುಮಗಳ ಪಾಲಿಗೆ ಬಂತು. ಅಂದಿನ ಬರ್ಲಿನ್ನಿನ ಸಂಗ್ರಹಗಳಲ್ಲಿ ಆಫ್ರಿಕದ ವಸಾಹತುಗಳಿಂದ ತಂದ ಬುರುಡೆಗಳೂ ಇದ್ದವು. ಸತ್ತವರ ಮಕ್ಕಳನ್ನು ಯಾರೂ ಅಪ್ಪಣೆ ಕೇಳಿರಲಿಲ್ಲ. ಇರಾವತಿಯವರು ಒಟ್ಟು ೧೪೯ ಬುರುಡೆಗಳನ್ನು ಒಂದೊಂದಾಗಿ ಅಳೆದರು. ಅಳೆದು ಕಂಡುದೇನು? ಅಸಮತೆ ಎಲ್ಲರಲ್ಲಿಯೂ ಇದೆ. ಅದಕ್ಕೂ ಕುಲಕ್ಕೂ ಸಂಬಂಧವಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪರದೇಶ, ಪರಭಾಷೆ, ತಲೆಯ ಮೇಲೆ ಸಾಲ, ಪದವಿ ಕೊಡುವವನೇ ಮಾರ್ಗದರ್ಶಿ. ಆತನ ಊಹೆಗೆ ಅನುಕೂಲವಾಗಿ ನಾಲ್ಕು ಮಾತು ಬರೆದಿದ್ದರೆ ಯಾರು ಕೇಳುತ್ತಿದ್ದರು? ಆದರೆ ಅಳತೆ ಏನು ಹೇಳಿತೋ ಅದನ್ನೇ ಅವರು ಬರೆದರು. ೧೯೩೦ರಲ್ಲಿ ಪದವಿಯೂ ಬಂತು. ಮೂರು ವರುಷಗಳಲ್ಲಿ, ೧೯೩೩ರಲ್ಲಿ, ಫಿಷರ್ ಬರ್ಲಿನ್ ವಿಶ್ವವಿದ್ಯಾಲಯದ ಅಧಿಪತಿಯಾಗಿ, ನಾಝಿಗಳ ಕುಲನೀತಿಗೆ ಶಾಸ್ತ್ರದ ಮುದ್ರೆ ಒತ್ತುವವರಲ್ಲಿ ಒಬ್ಬನಾದ. ಆ ನೀತಿಯಿಂದ ಎಷ್ಟು ಜೀವಗಳು ಹೋದವೆಂಬುದನ್ನು ಜಗತ್ತೇ ಬಲ್ಲದು. ಸುಳ್ಳು ಅಳತೆ ಕೊಲ್ಲಬಲ್ಲದು. ಡಾಕ್ಟರೇಟ್ ಪ್ರಬಂಧವೊಂದರಲ್ಲಿ ಪಣಕ್ಕಿಟ್ಟದ್ದು ಏನು ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಭಾರತಕ್ಕೆ ಮರಳಿ ಕೆಲವು ವರುಷ ಮುಂಬಯಿಯಲ್ಲಿ ಮಹಿಳಾ ವಿಶ್ವವಿದ್ಯಾಲಯದ ರಿಜಿಸ್ಟ್ರಾರರಾಗಿದ್ದು, ೧೯೩೯ರಲ್ಲಿ ಇರಾವತಿಯವರು ಡೆಕ್ಕನ್ ಕಾಲೇಜು ಸೇರಿದರು. ೧೮೨೧ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿದ ಈ ಕಾಲೇಜನ್ನು ಸರಕಾರ ೧೯೩೪ರಲ್ಲಿ ಮುಚ್ಚಿತ್ತು. ಹಳೆಯ ವಿದ್ಯಾರ್ಥಿಗಳು ಬಿಡದೆ ಹೋರಾಡಿದ್ದರಿಂದ ೧೯೩೯ರ ಆಗಸ್ಟಿನಲ್ಲಿ ಅದು ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ಭಾಷೆಗೆ ಕತ್ರೆ, ಪ್ರಾಚ್ಯವಸ್ತುವಿಗೆ ಸಾಂಕಳಿಯಾ, ಸಮಾಜ ಹಾಗೂ ಮಾನವಶಾಸ್ತ್ರಕ್ಕೆ ಕರ್ವೆ, ಹೀಗೆ ಒಂದೇ ಆವಾರದಲ್ಲಿ ಮೂವರು ಘಟಾನುಘಟಿಗಳು ಕೂಡಿದರು. ನೆಲ ಅಗೆದಾಗ ಸಿಕ್ಕ ಎಲುಬು, ಜನ ಆಡುವ ಮಾತು, ಮನೆಯ ಮದುವೆಯ ಕಟ್ಟಳೆ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲ ವಿದ್ಯಾರ್ಥಿಗಳಿಗೆ ಒದಗಿತು.

ಈ ಅನುಕೂಲದ ಫಲ ಕನ್ನಡ ನೆಲಕ್ಕೂ ಸಿಕ್ಕಿತು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ನೂತನ ಶಿಲಾಯುಗದ ಜನರ ನೆಲೆಗಳೂ ಅವರ ಎಲುಬುಗಳೂ ದೊರೆತವು. ಕೆ. ಸಿ. ಮಲ್ಹೋತ್ರರ ಜತೆಯಲ್ಲಿ ಅವರು ಬರೆದ ವರದಿಯನ್ನು ೧೯೬೫ರಲ್ಲಿ ಡೆಕ್ಕನ್ ಕಾಲೇಜು ಪ್ರಕಟಿಸಿತು. ಅಮೆರಿಕದ ವಿಲಿಯಂ ಬ್ರೈಟ್ ಎಂಬ ವಿದ್ವಾಂಸರು ನಮ್ಮ ಆಡುಮಾತಿನ ಕನ್ನಡದ ವ್ಯಾಕರಣವನ್ನು ಬರೆದರು. ೧೯೫೮ರಲ್ಲಿ ಅದು ಅಚ್ಚಾದದ್ದೂ ಇಲ್ಲಿಂದಲೇ. ಇರಾವತಿಯವರು ಸ್ವತಃ ಕರ್ನಾಟಕದಲ್ಲಿ ಜನರ ದೇಹದ ಅಳತೆಗಳನ್ನು ತೆಗೆದು, ಅವನ್ನು ಒರಿಸ್ಸಾದ ಅಳತೆಗಳೊಡನೆ ಹೋಲಿಸಿ ೧೯೫೪ರಲ್ಲಿ ಲೇಖನ ಪ್ರಕಟಿಸಿದರು.

ಅವರ ಕೀರ್ತಿ ನಿಂತಿರುವುದು ಮಾತ್ರ ಅಳತೆಯ ಮೇಲಲ್ಲ. ೧೯೫೩ರಲ್ಲಿ ಡೆಕ್ಕನ್ ಕಾಲೇಜಿನಿಂದ ಹೊರಬಂದ ಭಾರತದ ಬಂಧುತ್ವ ವ್ಯವಸ್ಥೆಯ ಗ್ರಂಥದ ಮೇಲೆ. ನೆರೆಯಾಕೆಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ. ಭಾರತವನ್ನು ಅವರು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ಬಂಧುತ್ವದ ನಾಲ್ಕು ವಲಯಗಳಾಗಿ ವಿಂಗಡಿಸಿದರು. ಕರ್ನಾಟಕ ದಕ್ಷಿಣ ವಲಯದಲ್ಲಿ, ಮಹಾರಾಷ್ಟ್ರ ಮಧ್ಯ ವಲಯದಲ್ಲಿ. ಉತ್ತರದಲ್ಲಿ ಹೆಣ್ಣನ್ನು ದೂರದ, ಅಪರಿಚಿತ ಮನೆಗೆ ಕೊಡಬೇಕು. ಹತ್ತಿರದ ರಕ್ತಸಂಬಂಧ ನಿಷಿದ್ಧ. ದಕ್ಷಿಣದಲ್ಲಿ ಮೊದಲೇ ನಂಟರಾದವರೊಡನೆ ಮತ್ತೆ ನಂಟಸ್ತನ ಬೆಳೆಸಬೇಕು. ಅಕ್ಕನ ಮಗಳು, ಸೋದರತ್ತೆಯ ಮಗಳು, ಸೋದರಮಾವನ ಮಗಳು ಇವರೆಲ್ಲ ತರಬಹುದಾದ ಹೆಣ್ಣುಗಳು. ತಂಗಿಯ ಮಗಳು ಮಾತ್ರ ಸಲ್ಲದು. ಮಹಾರಾಷ್ಟ್ರ ಇವೆರಡರ ನಡುವಿನ ಹೊಸ್ತಿಲು. ಅಲ್ಲಿ ಹಲವು ಜಾತಿಗಳಲ್ಲಿ ಸೋದರಮಾವನ ಮಗಳನ್ನು ತರುವುದುಂಟು, ಸೋದರತ್ತೆಯ ಮಗಳನ್ನು ತರುವುದಿಲ್ಲ. ಅಕ್ಕನ ಮಗಳ ಮಾತಂತೂ ಕಿವಿಗೆ ಬೀಳಬಾರದು.

ಇದಕ್ಕೆ ಸಾಕ್ಷಿ ನಮ್ಮ ಬಾಯಲ್ಲಿಯೇ ಇದೆ. ಕನ್ನಡದಲ್ಲಿ 'ಅತ್ತೆ' ಎಂದರೆ ತಂದೆಯ ಸೋದರಿಯೂ ಹೌದು, ಗಂಡನ ತಾಯಿಯೂ ಹೌದು. 'ಮಾವ' ಎಂದರೆ ತಾಯಿಯ ಸೋದರನೂ ಹೌದು, ಹೆಣ್ಣು ಕೊಟ್ಟವನೂ ಹೌದು. 'ಅಳಿಯ' ಎಂದರೆ ಸೋದರಿಯ ಮಗ, ಮಗಳ ಗಂಡ. 'ಸೊಸೆ' ಎಂದರೆ ಸೋದರಿಯ ಮಗಳು, ಮಗನ ಹೆಂಡತಿ. ಒಂದೇ ಶಬ್ದ ಎರಡು ನಂಟನ್ನು ಹೇಳುತ್ತದೆ, ಏಕೆಂದರೆ ಹಳೆಯ ಕಟ್ಟಳೆಯಲ್ಲಿ ಆ ಎರಡು ನಂಟೂ ಒಬ್ಬರಲ್ಲಿಯೇ ಕೂಡುತ್ತಿದ್ದವು. ಮರಾಠಿಯಲ್ಲಿ ಆತ್ಯಾ ಬೇರೆ, ಸಾಸೂ ಬೇರೆ. ಮಾಮಾ ಬೇರೆ, ಸಾಸರಾ ಬೇರೆ. ಭಾಚಾ ಬೇರೆ, ಜಾವಯಿ ಬೇರೆ. ಆದರೂ ಮರಾಠಿ ಸೊಸೆ ತನ್ನ ಮಾವನನ್ನು 'ಮಾಮಂಜಿ' ಎಂದು, ಅತ್ತೆಯನ್ನು 'ಆತ್ಯಾಬಾಯಿ' ಎಂದು ಕರೆಯುವುದನ್ನು ನಾವು ಪುಣೆಯ ಹಳೆಯ ಮನೆಗಳಲ್ಲಿ ಕೇಳಿಲ್ಲವೇ? ದಕ್ಷಿಣದ ಗಾಳಿ ಹೊಸ್ತಿಲನ್ನು ದಾಟಿದ ಗುರುತು ಅದು.

ಇಂದು ವೈದ್ಯರು ಹತ್ತಿರದ ರಕ್ತಸಂಬಂಧದ ಮದುವೆ ಬೇಡವೆನ್ನುತ್ತಾರೆ, ವಂಶಪಾರಂಪರ್ಯ ರೋಗಗಳ ಭಯವಿದೆ, ಅಂಥ ಮದುವೆಗಳೂ ಕಡಿಮೆಯಾಗುತ್ತಿವೆ. ಅದು ಸರಿಯೇ. ಕಟ್ಟಳೆಯನ್ನು ಬಿಡುವುದು ಬೇರೆ, ಅದಕ್ಕಾಗಿ ನಾಚುವುದು ಬೇರೆ. ಮಗಳು ಹೋಗುವ ಮನೆ ಅವಳಿಗೆ ಗುರುತಿನದಾಗಿರಲಿ, ಅತ್ತೆ ಅವಳನ್ನು ತೊಟ್ಟಿಲಲ್ಲಿ ತೂಗಿದವಳಾಗಿರಲಿ ಎಂಬ ಕಾಳಜಿಯೂ ಆ ಕಟ್ಟಳೆಯಲ್ಲಿತ್ತೆಂದು ತಿಳಿದವನು ನೆರೆಯಾಕೆಗೆ ತಲೆ ಎತ್ತಿ ಉತ್ತರ ಕೊಡಬಲ್ಲ.

ಇರಾವತಿಯವರ ಇನ್ನೊಂದು ಬರಹವೂ ನಮಗೆ ಹತ್ತಿರದ್ದು. ಆಷಾಢದಲ್ಲಿ ಆಳಂದಿಯಿಂದ ಪುಣೆಯ ಮೇಲೆ ಹಾಯ್ದು ಪಂಢರಪುರಕ್ಕೆ ಹೋಗುವ ದಿಂಡಿಯಲ್ಲಿ ಅವರು ತಾವೇ ನಡೆದರು. ಆ ಅನುಭವವನ್ನು ಮರಾಠಿಯಲ್ಲಿ ಬರೆದರು; ೧೯೬೨ರಲ್ಲಿ ಅದು ಇಂಗ್ಲಿಷಿನಲ್ಲಿಯೂ ಬಂತು. ಒಂದೇ ದೇವರ ಹೆಸರು ಹೇಳುತ್ತ ನಡೆಯುವವರು ಊಟಕ್ಕೆ ಮಾತ್ರ ಜಾತಿ ಜಾತಿಯಾಗಿ ಬೇರೆ ಕೂಡುವುದನ್ನು ಕಂಡು ಅವರು ನೊಂದರು, ಅದನ್ನು ಮುಚ್ಚಿಡಲಿಲ್ಲ. ಯಾವ ನಾಡಿನ ಜನ ಪಂಢರಪುರಕ್ಕೆ ನಡೆಯುವರೋ ಅದೇ ಮಹಾರಾಷ್ಟ್ರ ಎಂಬ ವ್ಯಾಖ್ಯೆ ಅಲ್ಲಿ ಅವರಿಗೆ ಹೊಳೆಯಿತು. ಚೆಲುವಾದ ವ್ಯಾಖ್ಯೆ. ಆದರೆ ನಮ್ಮ ಕಡೆಯಿಂದ ಒಂದು ಮಾತು ಹೇಳದಿರಲಾಗದು. ನಮ್ಮ ಹರಿದಾಸರ ವಿಠ್ಠಲನೂ ಅವನೇ. ಪಂಢರಪುರದಲ್ಲಿ ಹೊಯ್ಸಳ ಸೋಮೇಶ್ವರನ ೧೨೩೭ರ ಶಾಸನವಿದೆ. ರಾ. ಚಿಂ. ಢೇರೆಯವರು ೧೯೮೪ರ ತಮ್ಮ ಮರಾಠಿ ಗ್ರಂಥದಲ್ಲಿ ವಿಠ್ಠಲನ ಬೇರುಗಳನ್ನು ಕನ್ನಡದ ದನಗಾಹಿ ಕುರಿಗಾಹಿಗಳ ನೆಲದವರೆಗೆ ಹಿಂಬಾಲಿಸಿದ್ದಾರೆ. ವಾರಿಯ ಅಳತೆಗೋಲು ಹಿಡಿದರೆ ಉತ್ತರ ಕರ್ನಾಟಕದ ಎಷ್ಟೋ ಊರು ಮಹಾರಾಷ್ಟ್ರವಾದೀತು. ಸೋದರಮಾವನ ಅಳತೆಗೋಲು ಹಿಡಿದರೆ ದಕ್ಷಿಣ ಮಹಾರಾಷ್ಟ್ರದ ಎಷ್ಟೋ ಮನೆ ಕರ್ನಾಟಕವಾದೀತು! ನಕಾಶೆಯ ಗೆರೆ ಆಡಳಿತಕ್ಕೆ ಬೇಕು. ಮನುಷ್ಯರ ನಡುವೆ ಅಷ್ಟು ನೇರವಾದ ಗೆರೆ ಇಲ್ಲವೆಂಬುದನ್ನು ಮಾನವಶಾಸ್ತ್ರ ಕಲಿಸುತ್ತದೆ. ಎರಡು ಸೀಮೆಯ ನಡುವೆ ಬಾಳುವ ನಮಗೆ ಈ ಪಾಠ ಅನುಭವದಿಂದಲೇ ಗೊತ್ತು.

ಇರಾವತಿಯವರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಬರ್ಲಿನ್ನಿನಲ್ಲಿ ಕಲಿತ ಅಳತೆಯ ಗೀಳನ್ನು ಅವರು ಬಹುಕಾಲ ಬಿಡಲಿಲ್ಲ. ಮೂಗು, ಹಣೆ ಅಳೆದು ಜಾತಿಗಳ ಮೂಲ ತಿಳಿಯಬಹುದೆಂಬ ಆಸೆಯನ್ನು ಮುಂದಿನ ವಿಜ್ಞಾನ ಕೈಬಿಟ್ಟಿತು. ೧೯೭೨ರಲ್ಲಿ ಲೆವಾಂಟಿನ್ ಎಂಬ ವಿಜ್ಞಾನಿ ತೋರಿಸಿದಂತೆ ಮನುಷ್ಯರ ಆನುವಂಶಿಕ ವ್ಯತ್ಯಾಸದಲ್ಲಿ ನೂರಕ್ಕೆ ೮೫ರಷ್ಟು ಒಂದೇ ಜನಾಂಗದ ಒಳಗೇ ಇರುತ್ತದೆ. ಆ ೧೪೯ ಬುರುಡೆಗಳು ೧೯೩೦ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತನ್ನೇ ಅಲ್ಲವೇ? ಮಹಾಭಾರತದ ಪಾತ್ರಗಳನ್ನು ಕುರಿತ 'ಯುಗಾಂತ'ಕ್ಕೆ ೧೯೬೮ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ೧೯೭೦ರ ಆಗಸ್ಟ್ ೧೧ರಂದು ಅವರು ತೀರಿಕೊಂಡರು.

ಅದೇ ವರುಷ ಘುರ್ಯೆಯವರ ಇನ್ನೊಬ್ಬ ಶಿಷ್ಯರಿಗೆ ಬೇರೊಂದು ಬಗೆಯ ಆಘಾತವಾಯಿತು. ಮೈಸೂರಿನ ಶ್ರೀನಿವಾಸರು ಮುಂಬಯಿಗೆ ಬಂದು, ಮೈಸೂರಿನ ಮದುವೆ ಹಾಗೂ ಕುಟುಂಬದ ಮೇಲೆ ಬರೆದ ಗ್ರಂಥವನ್ನು ೧೯೪೨ರಲ್ಲಿ ಪ್ರಕಟಿಸಿ, ಕೊಡವರ ಮೇಲಿನ ಪ್ರಬಂಧಕ್ಕೆ ೧೯೪೪ರಲ್ಲಿ ಡಾಕ್ಟರೇಟ್ ಪಡೆದಿದ್ದರು. ಅಷ್ಟಕ್ಕೇ ತೃಪ್ತರಾಗದೆ ಆಕ್ಸ್‌ಫರ್ಡಿಗೆ ಹೋಗಿ, ಅದೇ ಸಾಮಗ್ರಿಯನ್ನು ಹೊಸ ಕಣ್ಣಿನಿಂದ ಮತ್ತೆ ನೋಡಿ, ೧೯೪೭ರಲ್ಲಿ ಎರಡನೆಯ ಡಾಕ್ಟರೇಟ್ ಪಡೆದರು. ೧೯೫೨ರಲ್ಲಿ ಅದು ಪುಸ್ತಕವಾದಾಗ 'ಸಂಸ್ಕೃತೀಕರಣ' ಎಂಬ ಶಬ್ದ ಜಗತ್ತಿನ ವಿದ್ವಾಂಸರ ಬಾಯಿಗೆ ಬಂತು. ೧೯೪೮ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿದ್ದು ಸಂಗ್ರಹಿಸಿದ ವಿಷಯವನ್ನು ಅಳವಡಿಸಿ ಬರೆದ ಟಿಪ್ಪಣಿಗಳ ಮೂರು ಪ್ರತಿಗಳೂ ೧೯೭೦ರ ಏಪ್ರಿಲ್ ೨೪ರಂದು ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋದವು. ಹದಿನೆಂಟು ವರುಷಗಳ ಮೇಲಿನ ದುಡಿಮೆ! ಅವರು ಕೈಚೆಲ್ಲಿ ಕೂಡಲಿಲ್ಲ. ನೆನಪಿನಿಂದಲೇ ಆ ಹಳ್ಳಿಯನ್ನು ಮತ್ತೆ ಕಟ್ಟಿ ೧೯೭೬ರಲ್ಲಿ ಗ್ರಂಥವಾಗಿಸಿದರು. ಜನರ ನಡುವೆ ಬಾಳಿ ಕಲಿತದ್ದು ಕಾಗದ ಸುಟ್ಟರೂ ಸುಡುವುದಿಲ್ಲ.

ಇಂದು ಈ ದಾರಿ ಹಿಡಿಯಬಯಸುವ ನಮ್ಮ ಮಕ್ಕಳಿಗೆ ಬರ್ಲಿನ್ನಿನ ಸಾಲ ಬೇಕಾಗಿಲ್ಲ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ವಿಭಾಗವಿದೆ. ಧಾರವಾಡ, ಮೈಸೂರುಗಳಲ್ಲಿಯೂ ಇದೆ. ಪ್ರವೇಶ ಪರೀಕ್ಷೆ, ಮಾರ್ಗದರ್ಶಿಯ ಒಪ್ಪಿಗೆ, ಮೊದಲ ಪಾಠಕ್ರಮ, ಆಮೇಲೆ ಕ್ಷೇತ್ರಕಾರ್ಯ, ಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ೨೦೨೨ರ ನಿಯಮಗಳಂತೆ ಕನಿಷ್ಠ ಮೂರು ವರುಷ, ಸಾಮಾನ್ಯವಾಗಿ ಆರು ವರುಷ ಮೀರಬಾರದು. ರಾಷ್ಟ್ರೀಯ ಪರೀಕ್ಷೆಯಲ್ಲಿ ಗೆದ್ದವರಿಗೆ ವೇತನವೂ ಉಂಟು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ ಮೈಸೂರಿನಲ್ಲಿದೆ. ಬುರುಡೆಗಳನ್ನು ಕೇಳದೆ ತಂದ ಕಾಲ ಹೋಗಿದೆ. ಯಾರನ್ನು ಕುರಿತು ಬರೆಯುವಿರೋ ಅವರ ಒಪ್ಪಿಗೆ ಮೊದಲು ಬೇಕು. ಮನೆಯವರು ಮಾತ್ರ ಒಂದನ್ನು ತಿಳಿದಿರಬೇಕು. ಈ ಓದಿನಲ್ಲಿ ಫಲ ತಡವಾಗಿ ಬರುತ್ತದೆ. "ಇನ್ನೂ ಓದುತ್ತಿದ್ದಾನೆಯೇ?" ಎಂದು ನಂಟರು ಕೇಳಿದಾಗ ತಾಯಿತಂದೆಗಳು ಮಕ್ಕಳ ಬೆನ್ನಿಗೆ ನಿಲ್ಲಬೇಕು, ದಿನಕರರಾಯರು ನಿಂತಂತೆ.

ಎಲ್ಲರೂ ಡಾಕ್ಟರಾಗಬೇಕೆಂದು ನಾವು ಹೇಳುವುದಿಲ್ಲ. ಆದರೆ ರಿವರ್ಸರು ನೀಲಗಿರಿಯಲ್ಲಿ ಮಾಡಿದ ಕೆಲಸವನ್ನು ನಾವು ನಮ್ಮ ನಮ್ಮ ಪಡಸಾಲೆಯಲ್ಲಿಯೇ ಮಾಡಬಹುದು. ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಈಗ ಎಲ್ಲರೂ ಅಂಕಲ್, ಎಲ್ಲರೂ ಆಂಟಿ. ಸೋದರತ್ತೆ ಯಾರು, ಚಿಕ್ಕಮ್ಮ ಯಾರು, ಷಡ್ಡಕ ಯಾರು, ಬೀಗರು ಯಾರು ಎಂಬುದು ಒಂದೊಂದಾಗಿ ಮರೆಯಾಗುತ್ತಿದೆ. ಶಬ್ದ ಹೋದರೆ ಅದು ತೋರುತ್ತಿದ್ದ ದಾರಿಯೂ ಹೋಗುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಒಂದು ನೋಟುಬುಕ್ಕು ಹಿಡಿದು ಅವಳ ಹತ್ತಿರ ಕುಳಿತುಕೊಳ್ಳಿರಿ. ಅವಳ ತವರು ಯಾವುದು, ಅವಳನ್ನು ಯಾವ ಊರಿಗೆ ಕೊಟ್ಟರು, ಯಾವ ಬರಗಾಲದಲ್ಲಿ ಅಥವಾ ಯಾವ ನೌಕರಿಗಾಗಿ ಮನೆತನ ಪುಣೆಗೆ ಬಂತು, ಯಾರನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನೆಲ್ಲ ಬರೆದಿಡಿರಿ. ಮುಂದೊಂದು ದಿನ ನೆರೆಮನೆಯಿಂದ ಆ ಪ್ರಶ್ನೆ ಬಂದಾಗ "ನಮ್ಮ ಕಡೆ ಹಾಗೆ" ಎಂಬ ಮಾತಿನ ಮುಂದಿನ ವಾಕ್ಯವನ್ನು ನಿಮ್ಮ ಮೊಮ್ಮಗಳು ಹೇಳಿಯಾಳು.